ಅಮೆರಿಕದಿಂದ ಬಂದ ಎಚ್‌ಡಿ ಡಿವಿಡಿ ಪ್ಲೇಯರ್: ಇಟ್ಟುಕೊಳ್ಳಲಾ, ಎಸೆಯಲಾ?

ಪ್ರಶ್ನೆ: ನಮ್ಮದು ದಾವಣಗೆರೆ, ಪಿ.ಜೆ. ಬಡಾವಣೆ. 2008ರಲ್ಲಿ ನಮ್ಮ ಭಾವ ಅಮೆರಿಕದಿಂದ ಬರುವಾಗ ತೋಶಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ ಮತ್ತು ಕೆಂಪು ಡಬ್ಬಿಯ ಒಂದಷ್ಟು ಸಿನಿಮಾ ಡಿಸ್ಕ್ ತಂದುಕೊಟ್ಟಿದ್ದರು. ಅಲ್ಲಿ ತುಂಬಾ ಅಗ್ಗಕ್ಕೆ ಸಿಕ್ಕಿತು ಅಂದಿದ್ದರು. ಪ್ಲೇಯರ್ ಈಗ ಅಟ್ಟದ ಮೇಲಿದೆ. ಮಗನ ಪಿಎಸ್4 ಗೇಮ್ ಪೆಟ್ಟಿಗೆಯಲ್ಲಿ ಬ್ಲೂ-ರೇ ಓಡುತ್ತದೆ, ಆದರೆ ಈ ಡಿಸ್ಕ್ ಹಾಕಿದರೆ ಏನೂ ಬರುವುದಿಲ್ಲ. ಅಷ್ಟು ಅಗ್ಗವಾಗಿದ್ದರೂ ಅಲ್ಲಿಯ ಜನ ಇದನ್ನು ಯಾಕೆ ಕೈಬಿಟ್ಟರು? ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆಯಾ? ನಮ್ಮ ಮದುವೆಯ (2002) ವಿಸಿಡಿ, ಮಗನ ನಾಮಕರಣದ ಡಿವಿಡಿ ಕೂಡ ಇವೆ. ಮಗ 4ಕೆ ಬ್ಲೂ-ರೇ ಪ್ಲೇಯರ್ ಕೊಳ್ಳೋಣ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಎಸೆಯಬೇಡಿ ಮೇಡಂ. ಹಾಗಂತ ಅಟ್ಟದಿಂದ ಇಳಿಸಿ ಸೀದಾ ಪ್ಲಗ್ಗಿಗೂ ಹಾಕಬೇಡಿ. ಅಮೆರಿಕದಲ್ಲಿ ಮಾರಿದ ತೋಶಿಬಾ ಪ್ಲೇಯರ್‌ಗಳು 120 ವೋಲ್ಟಿಗೆ ಮಾಡಿದಂಥವು, ನಮ್ಮ ಮನೆಗಳಲ್ಲಿ ಬರುವುದು 230. ಸ್ವಿಚ್ ಒತ್ತಿದ ಕ್ಷಣಕ್ಕೆ ಪವರ್ ಸಪ್ಲೈ ಸುಟ್ಟುಹೋಗಬಹುದು. ಅದನ್ನು ಹೇಗೆ ಓಡಿಸಬೇಕು ಅಂತ ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ದೊಡ್ಡ ಪ್ರಶ್ನೆ.

ನಾನು ಮೊದಲು ಚಿತ್ರದುರ್ಗದಲ್ಲಿ, ಆಮೇಲೆ ದಾವಣಗೆರೆಯಲ್ಲಿ ಟಿವಿ, ಡೆಕ್, ಪ್ಲೇಯರ್ ರಿಪೇರಿ ಮಾಡುತ್ತಾ ಬಂದವನು. ಕೌಂಟರಿನ ಈಚೆ ಕೂತು ನೋಡಿದ್ದನ್ನೂ ಅಮೆರಿಕ, ಜಪಾನಿನಲ್ಲಿ ನಡೆದದ್ದನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಗಿರಾಕಿ ಹೊಸ ಡಿಸ್ಕಿನ ಮುಂದೆ ನಿಂತಾಗ ಎರಡೇ ಪ್ರಶ್ನೆ ಕೇಳುತ್ತಾನೆ. ಮನೇಲಿರೋದು ಇದರಲ್ಲಿ ಓಡುತ್ತಾ? ಇದು ನಾಳೆನೂ ಸಿಗುತ್ತಾ? ಚಿತ್ರ ಎಷ್ಟು ಚೆನ್ನಾಗಿದೆ ಅನ್ನೋದು ಮೂರನೇ ಮಾತು. ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡಲು ತೋಶಿಬಾ ಗುಂಪು ತಂದ ಡಿಸ್ಕ್ ಎಚ್‌ಡಿ ಡಿವಿಡಿ, ಅದಕ್ಕೆ ಎದುರಾಗಿ ಸೋನಿ ಗುಂಪು ತಂದದ್ದು ಬ್ಲೂ-ರೇ. ಎಚ್‌ಡಿ ಡಿವಿಡಿ ಎರಡನೇ ಪ್ರಶ್ನೆಯಲ್ಲಿ ಬಿದ್ದುಹೋಯಿತು.

ಅಲ್ಲಿಯ ಜನ ಅದನ್ನು ಕೈಬಿಟ್ಟರು ಅನ್ನುವುದಕ್ಕಿಂತ, ಬಹುಪಾಲು ಜನ ಅದನ್ನು ಕೈಗೆ ಎತ್ತಿಕೊಳ್ಳಲೇ ಇಲ್ಲ ಅನ್ನಬೇಕು. ಬ್ಲೂ-ರೇಯನ್ನೂ ಆಗ ಎತ್ತಿಕೊಂಡಿರಲಿಲ್ಲ. ಎರಡು ಕಂಪನಿ ಗುಂಪು ಕಿತ್ತಾಡುತ್ತಿದ್ದರೆ ಜನ ಮನೆಯಲ್ಲಿದ್ದ ಡಿವಿಡಿ ನೋಡುತ್ತಾ ಸುಮ್ನೆ ಕೂತರು. ದರ ಸರಿ ಬರೋವರೆಗೆ ಮೆಕ್ಕೆಜೋಳದ ಚೀಲ ಬಿಚ್ಚದೆ ಕಾಯುವ ನಮ್ಮ ರೈತರ ಹಾಗೆ. ಕಾಯುವವರಿಗೆ ಏನೂ ನಷ್ಟ ಇರಲಿಲ್ಲ. ಕಾದಷ್ಟೂ ಕಂಪನಿಗಳಿಗೆ ನಡುಕ.

ಕೊಂಡದ್ದು ನಾಳೆ ಸಿಗದೆ ಹೋದರೆ ಅನ್ನುವ ಜನರ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ಅನ್ನುವ ವಿಡಿಯೋ ಕ್ಯಾಸೆಟ್ ತಂದಿತು, ಮರುವರ್ಷ ಜೆವಿಸಿ ಕಂಪನಿ ವಿಎಚ್‌ಎಸ್ ತಂದಿತು. ಮೊದಮೊದಲು ಬೀಟಾ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಹಿಡಿಯುತ್ತಿತ್ತು, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಒಂದು ಸಿನಿಮಾ ಒಂದೇ ಕ್ಯಾಸೆಟ್ಟಿಗೆ ಬಂತು ಅಂದರೆ ಅರ್ಧ ಲೆಕ್ಕ ಮುಗಿದ ಹಾಗೆ ಅಲ್ವಾ? 1988ಕ್ಕೆ ಸೋನಿಯೇ ವಿಎಚ್‌ಎಸ್ ಡೆಕ್ ಮಾಡಲು ಶುರು ಮಾಡಿತು. ಬೀಟಾ ಕೊಂಡಿದ್ದವರ ಕಪಾಟಿನಲ್ಲಿ ಕ್ಯಾಸೆಟ್ ಉಳಿದವು, ಬಾಡಿಗೆ ಅಂಗಡಿಯಲ್ಲಿ ಹೊಸದು ಸಿಗಲಿಲ್ಲ. ನಮ್ಮ ಕಡೆ ಈ ಜಗಳ ಹೆಚ್ಚು ಗೊತ್ತಾಗಲಿಲ್ಲ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂತು, ಆಮೇಲೆ ವಿಸಿಆರ್ ಕಾಲ. ಗಣಪತಿ ಹಬ್ಬಕ್ಕೆ ಕಲರ್ ಟಿವಿ, ವಿಸಿಪಿ, ನಾಲ್ಕು ಕ್ಯಾಸೆಟ್ ಬಾಡಿಗೆಗೆ ತಂದು ರಾತ್ರಿಯಿಡೀ ನೋಡುವವರಿಗೆ ಕ್ಯಾಸೆಟ್ ಅಂದರೆ ವಿಎಚ್‌ಎಸ್ಸೇ. ಅಮೆರಿಕದವರಿಗೆ ಮಾತ್ರ ಬೀಟಾದ ನೆನಪು ಗಟ್ಟಿಯಾಗಿ ಉಳಿಯಿತು.

ಡಿಸ್ಕಿನಲ್ಲೂ ಇಂಥದ್ದೇ ನಡೆದಿತ್ತು. 1978ರಲ್ಲಿ ಲೇಸರ್‌ಡಿಸ್ಕ್ ಬಂತು, ಊಟದ ತಟ್ಟೆಗಿಂತ ದೊಡ್ಡದು, 30 ಸೆಂಟಿಮೀಟರ್. 1981ರಲ್ಲಿ ಆರ್‌ಸಿಎ ಕಂಪನಿ ಸಿಇಡಿ ಅಂತ ಇನ್ನೊಂದು ತಂದಿತು. ಅದರಲ್ಲಿ ಗ್ರಾಮಾಫೋನಿನಲ್ಲಿ ಇರುವಂತೆ ಮುಳ್ಳು ಇತ್ತು! ಮೂರೇ ವರ್ಷಕ್ಕೆ ಕೈಚೆಲ್ಲಿದರು, ನಷ್ಟ 50 ಕೋಟಿ ಡಾಲರಿಗೂ ಮೇಲೆ. ರೆಕಾರ್ಡ್ ಮಾಡಲು ಆಗದ ಡಿಸ್ಕಿಗೆ ಜನ ದುಡ್ಡು ಬಿಚ್ಚಲಿಲ್ಲ, ವಿಎಚ್‌ಎಸ್‌ನಲ್ಲಿ ಟಿವಿ ಕಾರ್ಯಕ್ರಮ ತುಂಬಿಸಿಕೊಳ್ಳಬಹುದಿತ್ತಲ್ಲ.

ಡಿವಿಡಿಯದು ಮಾತ್ರ ಬೇರೆ ಕತೆ. 1995ರಲ್ಲಿ ಅಲ್ಲೂ ಎರಡು ಬಣ ಇದ್ದವು. ಒಂದು ಕಡೆ ಸೋನಿ, ಫಿಲಿಪ್ಸ್. ಇನ್ನೊಂದು ಕಡೆ ತೋಶಿಬಾ, ಮತ್ಸುಶಿತಾ, ಟೈಮ್ ವಾರ್ನರ್. ಐಬಿಎಂ ಮುಂದಾಳಾಗಿ ಕಂಪ್ಯೂಟರ್ ಕಂಪನಿಗಳು ಸೇರಿ, ಎರಡು ಬಗೆ ತಂದರೆ ನಾವು ಯಾವುದನ್ನೂ ಒಪ್ಪುವುದಿಲ್ಲ ಅಂತ ಪಟ್ಟು ಹಿಡಿದವು. ಇಬ್ಬರೂ ಮಣಿದರು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, 1997ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಂದೇ ಡಿವಿಡಿ ಬಂತು. ಜನ ಮುಗಿಬಿದ್ದು ಕೊಂಡರು. ಯಾವುದು ಉಳಿಯುತ್ತೋ ಅನ್ನುವ ಅನುಮಾನವೇ ಇರಲಿಲ್ಲವಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡ ಅದೇ ಕಂಪನಿಗಳು ಹತ್ತು ವರ್ಷಕ್ಕೆ ಮತ್ತೆ ಎರಡು ಬಣವಾಗಿ ಅಂಗಡಿಗೆ ಬಂದವು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೊರೆ ಬಿದ್ದಿದ್ದು ಕೊಳ್ಳುವವರ ತಲೆ ಮೇಲೆ.

ಈ ನಡುವೆ ಡಿವ್ಎಕ್ಸ್ ಅಂತ ಒಂದು ಬಂದಿತ್ತು, 1998ರಲ್ಲಿ. ಆಮೇಲೆ ನಮ್ಮ ಪ್ಲೇಯರ್‌ಗಳ ಮೇಲೆ ಬರೆದಿರುತ್ತಿದ್ದ ಡಿವ್ಎಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಸರ್ಕಿಟ್ ಸಿಟಿ ಅನ್ನುವ ದೊಡ್ಡ ಅಂಗಡಿಯವರು ತಂದದ್ದು. ಡಿಸ್ಕಿಗೆ ನಾಲ್ಕೂವರೆ ಡಾಲರ್ ಆಸುಪಾಸು. ಮೊದಲ ಸಲ ಹಾಕಿದ ಮೇಲೆ 48 ಗಂಟೆ ಮಾತ್ರ ಓಡುತ್ತದೆ. ಆಮೇಲೆ ನೋಡಬೇಕಾದರೆ ಮತ್ತೆ ದುಡ್ಡು. ಪ್ಲೇಯರಿಗೆ ಟೆಲಿಫೋನ್ ಲೈನ್ ಎಳೆಯಬೇಕು, ನೀವು ಏನು ನೋಡಿದಿರಿ ಅನ್ನುವ ಲೆಕ್ಕ ಆ ಲೈನಿನಲ್ಲಿ ಹೋಗುತ್ತದೆ. ದುಡ್ಡು ಕೊಟ್ಟು ತಂದ ಡಿಸ್ಕ್ ನಮ್ಮದಲ್ಲ ಅಂದರೆ ಯಾರು ಒಪ್ಪುತ್ತಾರೆ? ಜನ ಜೋರಾಗಿಯೇ ವಿರೋಧಿಸಿದರು. ಸುಮಾರು ಒಂದು ವರ್ಷಕ್ಕೆ, 1999ರ ಜೂನಿನಲ್ಲಿ ಮುಚ್ಚಿದರು. ಪ್ಲೇಯರ್ ಕೊಂಡಿದ್ದವರಿಗೆ ನೂರು ಡಾಲರ್ ವಾಪಸ್ ಕೊಟ್ಟರು.

ಈಗ ನಿಮ್ಮ ಕೆಂಪು ಡಬ್ಬಿಗೆ ಬರೋಣ. ಸಿಡಿ ಓದುವ ಲೇಸರ್ ಬೆಳಕಿನ ಅಲೆಯ ಉದ್ದ 780 ನ್ಯಾನೋಮೀಟರ್, ಡಿವಿಡಿಯದು 650. ಎಚ್‌ಡಿ ಡಿವಿಡಿ, ಬ್ಲೂ-ರೇ ಎರಡರದ್ದೂ 405, ನೇರಳೆಗೆ ತಿರುಗಿದ ನೀಲಿ. ಅಲೆ ಚಿಕ್ಕದಾದಷ್ಟೂ ಡಿಸ್ಕಿನ ಮೇಲಿನ ಗುಳಿ ಚಿಕ್ಕದು ಮಾಡಬಹುದು, ಒತ್ತೊತ್ತಾಗಿ ಬರೆಯಬಹುದು. ಹಾಗಾದರೆ ಒಂದರದ್ದು ಇನ್ನೊಂದರಲ್ಲಿ ಯಾಕೆ ಓಡುವುದಿಲ್ಲ? ಆಳದ ವ್ಯತ್ಯಾಸ. ಡಿಸ್ಕಿನ ದಪ್ಪ 1.2 ಮಿಲಿಮೀಟರ್. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿ ಇರುವ ಪದರ ನಡುವೆ, ಅಂದರೆ ಡಿವಿಡಿಯ ಹಾಗೆ 0.6 ಮಿಲಿಮೀಟರ್ ಆಳದಲ್ಲಿದೆ. ಬ್ಲೂ-ರೇಯಲ್ಲಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್. ಲೆನ್ಸ್ ಬೇರೆ, ಫೋಕಸ್ ಬೇರೆ, ಬರೆದಿರುವ ರೀತಿಯೂ ಬೇರೆ. ಮಗನ ಪಿಎಸ್4ನಲ್ಲಿ ತಪ್ಪೇನಿಲ್ಲ.

ಈ ಆಳದಲ್ಲೇ ಜಗಳದ ಬೇರೂ ಇತ್ತು. ಪದರ ಡಿವಿಡಿಯ ಜಾಗದಲ್ಲೇ ಇದ್ದರೆ ಡಿವಿಡಿ ಅಚ್ಚು ಹಾಕುವ ಕಾರ್ಖಾನೆಯನ್ನೇ ಸ್ವಲ್ಪ ಬದಲಿಸಿ ಬಳಸಬಹುದು, ಖರ್ಚು ಕಡಿಮೆ ಅಂತ ತೋಶಿಬಾ ವಾದ. ಆದರೆ ಒಂದು ಪದರದಲ್ಲಿ 15 ಜಿಬಿ ಅಷ್ಟೇ ಹಿಡಿಯುತ್ತಿತ್ತು. ಬ್ಲೂ-ರೇಯಲ್ಲಿ 25. ಗೀರು ಬಿದ್ದರೆ ಬ್ಲೂ-ರೇಗೆ ಬೇಗ ಪೆಟ್ಟು ಅನ್ನುವ ಭಯ ಇತ್ತು. ಅದಕ್ಕೆ ಮೇಲೊಂದು ಗಟ್ಟಿ ಲೇಪ ಕೊಟ್ಟರು. ನಾನು ಕೈಯಲ್ಲಿ ಹಿಡಿದು ನೋಡಿದ ಬ್ಲೂ-ರೇಗಳು ಡಿವಿಡಿಗಿಂತ ಗೀರು ತಡೆಯುತ್ತವೆ, ಆ ಲೇಪ ನಿಜಕ್ಕೂ ಒಳ್ಳೆಯದು.

2006ರ ಏಪ್ರಿಲಿನಲ್ಲಿ ಎಚ್‌ಡಿ ಡಿವಿಡಿ ಅಮೆರಿಕಕ್ಕೆ ಬಂತು. ಮೊದಲ ಪ್ಲೇಯರ್ 499 ಡಾಲರ್. ಅದರೊಳಗೆ ಪೆಂಟಿಯಂ 4 ಹಾಕಿದ ಒಂದು ಪೂರ್ತಿ ಕಂಪ್ಯೂಟರೇ ಕೂತಿತ್ತು. ಜೂನಿನಲ್ಲಿ ಸ್ಯಾಮ್‌ಸಂಗಿನ ಮೊದಲ ಬ್ಲೂ-ರೇ ಪ್ಲೇಯರ್ ಬಂತು, ಅದಕ್ಕೆ ಸಾವಿರ ಡಾಲರ್. ಬೆಲೆಯೊಂದೇ ಲೆಕ್ಕವಾಗಿದ್ದರೆ ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಿನಿಮಾ ಕಂಪನಿಗಳು ಹಂಚಿಹೋಗಿದ್ದವು. ಯೂನಿವರ್ಸಲ್ ಸಿನಿಮಾ ಬೇಕಾದರೆ ಎಚ್‌ಡಿ ಡಿವಿಡಿ. ಡಿಸ್ನಿ, ಫಾಕ್ಸ್, ಸೋನಿಯವರದ್ದು ಬೇಕಾದರೆ ಬ್ಲೂ-ರೇ. ವಾರ್ನರ್, ಪ್ಯಾರಮೌಂಟ್ ಎರಡರಲ್ಲೂ ಕೊಡುತ್ತಿದ್ದವು. 2007ರ ಆಗಸ್ಟಿನಲ್ಲಿ ಪ್ಯಾರಮೌಂಟ್ ಇದ್ದಕ್ಕಿದ್ದಂತೆ ಎಚ್‌ಡಿ ಡಿವಿಡಿ ಕಡೆಗೆ ಮಾತ್ರ ವಾಲಿತು. ಬ್ಲೂ-ರೇ ಕೊಂಡಿದ್ದವರಿಗೆ ಆಗ ಹೇಗಾಗಿರಬೇಡ? ಎರಡೂ ಓಡುವ ಪ್ಲೇಯರನ್ನು ಎಲ್‌ಜಿ ಆ ವರ್ಷದ ಜನವರಿಯಲ್ಲೇ ತೋರಿಸಿತ್ತು, ಆದರೆ ಬೆಲೆ ಸುಮಾರು 1,200 ಡಾಲರ್. ಕಂಪನಿಗಳ ಜಗಳಕ್ಕೆ ನಾವ್ಯಾಕೆ ದಂಡ ಕಟ್ಟಬೇಕು ಅನ್ನುವುದು ಜನರ ಲೆಕ್ಕ. ನ್ಯಾಯವಾದ ಲೆಕ್ಕವೇ.

ಇನ್ನು, ಗೆದ್ದ ಕಡೆಯವರೂ ಸುಖವಾಗಿರಲಿಲ್ಲ. ಎಚ್‌ಡಿ ಡಿವಿಡಿ ಪ್ಲೇಯರಿನಲ್ಲಿ ಇಂಟರ್ನೆಟ್ ಕೇಬಲ್ ಕಿಂಡಿ, ಚಿತ್ರದೊಳಗೆ ಚಿತ್ರ ತೋರಿಸುವ ಸೌಲಭ್ಯ ಎಲ್ಲ ಮೊದಲ ದಿನದಿಂದ ಕಡ್ಡಾಯ. ಬ್ಲೂ-ರೇಯಲ್ಲಿ ಅವು ಕಂತುಕಂತಾಗಿ ಬಂದವು. ಮೊದಲು ಕೊಂಡವರ ದುಬಾರಿ ಪ್ಲೇಯರ್‌ಗಳಲ್ಲಿ ಆಮೇಲಿನ ಡಿಸ್ಕಿನ ಕೆಲವು ಸೌಲಭ್ಯ ಬರಲೇ ಇಲ್ಲ. ಕೆಲಸದ ಅಚ್ಚುಕಟ್ಟು ನೋಡಿದರೆ ನಿಮ್ಮ ಅಟ್ಟದ ಮೇಲಿರುವುದೇ ಮೇಲು ಅಂತ ನಾನು ಹೇಳುತ್ತೇನೆ. ಚಿತ್ರದಲ್ಲೂ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಎರಡೂ 1080 ಸಾಲಿನವೇ.

ಹಾಗಿದ್ದರೆ ಬ್ಲೂ-ರೇ ಗೆದ್ದಿದ್ದು ಹೇಗೆ? ದೊಡ್ಡ ಪಾಲು ಪ್ಲೇಸ್ಟೇಷನ್ 3ರದ್ದು. 2006ರ ನವೆಂಬರಿನಲ್ಲಿ ಬಂತು, 499 ಮತ್ತು 599 ಡಾಲರ್. ಮಕ್ಕಳು ಗೇಮಿಗೆ ಅಂತ ಕೊಡಿಸಿಕೊಂಡರು, ಒಳಗೆ ಬ್ಲೂ-ರೇ ಇತ್ತು. ಒಂದೊಂದು ಪೆಟ್ಟಿಗೆಯ ಮೇಲೂ ಸೋನಿ ನಷ್ಟ ಮಾಡಿಕೊಂಡೇ ಮಾರಿತು. ಮನೆಗೆ ಬಂದ ಮೇಲೆ ಒಂದು ಸಿನಿಮಾ ಹಾಕಿ ನೋಡೋಣ ಅಂತ ಅಪ್ಪ-ಅಮ್ಮ ಡಿಸ್ಕ್ ತಂದರು. ಮೈಕ್ರೋಸಾಫ್ಟ್ ಕೂಡ ಎಕ್ಸ್‌ಬಾಕ್ಸ್ 360ಗೆ ಎಚ್‌ಡಿ ಡಿವಿಡಿ ಡ್ರೈವ್ ತಂದಿತು, ಆದರೆ ಅದು ಬೇರೆಯಾಗಿ 199 ಡಾಲರ್ ಕೊಟ್ಟು ತಗಲಿಸಿಕೊಳ್ಳುವಂಥದ್ದು. ತಾನಾಗಿ ಮನೆ ಸೇರುವುದಕ್ಕೂ, ಹೋಗಿ ಕೊಂಡು ತರುವುದಕ್ಕೂ ಬಹಳ ಅಂತರ ಇದೆ. ನಿಮ್ಮ ಮನೆಯಲ್ಲೇ ನೋಡಿ. ಬ್ಲೂ-ರೇ ಬಂದಿದ್ದು ಮಗನ ಗೇಮ್ ಪೆಟ್ಟಿಗೆಯಲ್ಲಿ.

ತೋಶಿಬಾ ಕೊನೆಗೆ ಬೆಲೆ ಇಳಿಸಿ ನೋಡಿತು. 2007ರ ನವೆಂಬರ್ ಮೊದಲ ವಾರ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಎಚ್‌ಡಿ-ಎ2 ಪ್ಲೇಯರ್ 98.87 ಡಾಲರಿಗೆ ಬಂತು. ಜನ ಸಾಲು ನಿಂತು ಕೊಂಡರು. ಆದರೆ ಹಾಗೆ ಕೊಂಡ ಎಷ್ಟೋ ಜನಕ್ಕೆ ಅದು ಒಳ್ಳೆಯ ಡಿವಿಡಿ ಪ್ಲೇಯರ್, ಅಷ್ಟೇ. ಹಳೆ ಡಿವಿಡಿಯನ್ನೇ ಹಿಗ್ಗಿಸಿ ಹೊಸ ಟಿವಿಯಲ್ಲಿ ಚೆಂದ ಕಾಣಿಸುತ್ತಿತ್ತು. ಮನೇಲಿರೋದು ಓಡುತ್ತಾ ಅನ್ನುವ ಮೊದಲ ಪ್ರಶ್ನೆಗೆ ಅದು ಪೂರ್ತಿ ಅಂಕ ತಗೊಂಡಿತು. ಆಮೇಲೆ ಅವರು ಹೊಸ ಡಿಸ್ಕ್ ಕೊಳ್ಳಲು ಹೋಗಲಿಲ್ಲ.

2008ರ ಜನವರಿ 4ರಂದು ವಾರ್ನರ್ ತಾನು ಬ್ಲೂ-ರೇ ಕಡೆಗೆ ಮಾತ್ರ ಅಂತ ಹೇಳಿತು. ಫೆಬ್ರವರಿಯಲ್ಲಿ, ಆಗ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, ದೊಡ್ಡ ಅಂಗಡಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಫೆಬ್ರವರಿ 19ರಂದು ತೋಶಿಬಾ ನಿಲ್ಲಿಸಿತು. ಎಚ್‌ಡಿ ಡಿವಿಡಿ ನೆಚ್ಚಿಕೊಂಡವರು ಉಳಿಸಿ ಅಂತ ಇಂಟರ್ನೆಟ್ಟಿನಲ್ಲಿ ಮನವಿಗೆ ಸಾವಿರಾರು ಸಹಿ ಹಾಕಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ಅವರು ಬೆಲೆ ನೋಡಿ, ಗುಣ ನೋಡಿ ಸರಿಯಾಗಿಯೇ ಆರಿಸಿದ್ದರು. ಅಂಗಡಿಗಳು ಕೈಲಾದದ್ದು ಮಾಡಿದವು. ಬೆಸ್ಟ್ ಬೈ ತನ್ನಲ್ಲಿ ಪ್ಲೇಯರ್ ಕೊಂಡವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟಿತು. ವಾರ್ನರ್ ತನ್ನ ಡಿಸ್ಕ್‌ಗಳನ್ನು ಒಂದಕ್ಕೆ 4.95 ಡಾಲರ್ ಮತ್ತು ಅಂಚೆ ಖರ್ಚು ತಗೊಂಡು ಬ್ಲೂ-ರೇಗೆ ಬದಲಿಸಿಕೊಟ್ಟಿತು. ನಿಮ್ಮ ಭಾವನವರು ತಂದದ್ದು ಈ ಹೊತ್ತಿನ ಮಾಲು ಇರಬೇಕು. ಆಗ ಅಂಗಡಿಗಳು ಉಳಿದ ಡಿಸ್ಕ್‌ಗಳನ್ನು ಕೇಳಿದ ದರಕ್ಕೆ ಕೊಟ್ಟು ಖಾಲಿ ಮಾಡುತ್ತಿದ್ದವು.

ಜಗಳ ಮುಗಿದ ಮೇಲೆ ಜನ ಬ್ಲೂ-ರೇಗೆ ಮುಗಿಬಿದ್ದರಾ? ಇಲ್ಲ. ಅದಾಗಿ ಹತ್ತು ವರ್ಷವಾದರೂ ಅಮೆರಿಕದಲ್ಲಿ ಬ್ಲೂ-ರೇಗಿಂತ ಡಿವಿಡಿಯೇ ಜಾಸ್ತಿ ಮಾರುತ್ತಿತ್ತು. ಇಬ್ಬರೂ ಕಿತ್ತಾಡುತ್ತಿದ್ದ 2007ರ ಜನವರಿಯಲ್ಲೇ ನೆಟ್‌ಫ್ಲಿಕ್ಸ್ ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸಲು ಶುರು ಮಾಡಿತ್ತು. ಎರಡು ವರ್ಷ ಜಗಳದಲ್ಲಿ ಕಳೆದುಹೋಯಿತಲ್ಲ, ಆ ಎರಡು ವರ್ಷ ಡಿಸ್ಕಿಗೆ ತುಂಬಾ ಬೆಲೆಬಾಳುವ ಕಾಲವಾಗಿತ್ತು.

ನಮ್ಮೂರಿನ ಕಡೆ ಏನಾಗುತ್ತಿತ್ತು ಅಂದರೆ, ಆ ಹೊತ್ತಿಗೆ ನಮ್ಮ ಜಗಳವೇ ಬೇರೆ: ವಿಸಿಡಿನಾ, ಡಿವಿಡಿನಾ? ಮನೆಮನೆಯಲ್ಲಿ ಇನ್ನೂ ಹಿಂದೆ ಉಬ್ಬಿದ ಪಿಕ್ಚರ್ ಟ್ಯೂಬಿನ ಟಿವಿ. ಅದರಲ್ಲಿ ಬ್ಲೂ-ರೇ ಹಾಕಿದರೂ ಡಿವಿಡಿ ಹಾಕಿದರೂ ಒಂದೇ. ವಿಸಿಡಿ 1993ರಲ್ಲಿ ರೂಪುಗೊಂಡದ್ದು, ಚಿತ್ರ 352 ಅಡ್ಡ, 288 ಉದ್ದ, ಒಂದು ಡಿಸ್ಕಿಗೆ 74 ನಿಮಿಷ. ಹಾಗಾಗಿ ನಮ್ಮ ಸಿನಿಮಾ ಎರಡೋ ಮೂರೋ ಡಿಸ್ಕಿಗೆ ಹೋಗುತ್ತಿತ್ತು. ಫೈಟ್ ಬಂದಾಗ ಚೌಕ ಚೌಕ ಒಡೆಯುತ್ತಿತ್ತು. ಆದರೂ ಜನ ಬಿಡಲಿಲ್ಲ. ನಕಲು ತಡೆಯುವ ಬೀಗ ಇರಲಿಲ್ಲ, ಒಂದು ದೇಶದ ಡಿಸ್ಕ್ ಇನ್ನೊಂದು ದೇಶದ ಪ್ಲೇಯರಿನಲ್ಲಿ ಓಡದಂತೆ ತಡೆಯುವ ನಂಬರ್ ಇರಲಿಲ್ಲ, ಪ್ಲೇಯರ್ ಅಗ್ಗ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಇಟ್ಟು ಮಾರಲು ಶುರು ಮಾಡಿತು. ನಡುವೆ ಆರೇ ರೂಪಾಯಿ. ಡಿವಿಡಿ ಪ್ಲೇಯರಿನಲ್ಲಿ ವಿಸಿಡಿಯೂ ಓಡುತ್ತದೆ. ಇನ್ನು ಯೋಚಿಸಲು ಏನಿದೆ? ಜನ ಸದ್ದಿಲ್ಲದೆ ಡಿವಿಡಿಗೆ ದಾಟಿದರು.

ಆಗ ಅಶೋಕ ರಸ್ತೆಯ ಅಂಗಡಿಗಳಲ್ಲಿ ಪ್ಲೇಯರ್ ಕೊಳ್ಳಲು ಬರುವವರು ಬ್ಯಾಗಿನಲ್ಲಿ ತಮ್ಮ ಮನೆಯ ಡಿಸ್ಕ್ ತಂದಿರುತ್ತಿದ್ದರು. ಒಳ್ಳೆಯದಲ್ಲ, ಮನೆಯಲ್ಲಿ ಇದ್ದುದರಲ್ಲೇ ಹೆಚ್ಚು ಗೀರು ಬಿದ್ದದ್ದು. ಎಷ್ಟೋ ಸಲ ಅದು ಮದುವೆಯದ್ದೋ ಸೀಮಂತದ್ದೋ ಆಗಿರುತ್ತಿತ್ತು. ಇದು ಓಡಿದರೆ ಕೊಡಿ ಅನ್ನುವರು. ಅಂಗಡಿಯವನು ಮೂರು ಕಂಪನಿಯ ಪ್ಲೇಯರ್ ಒಂದಾದ ಮೇಲೊಂದು ಹಚ್ಚುತ್ತಿದ್ದ. ಹೆಸರುವಾಸಿ ಕಂಪನಿಯದು ಡಿಸ್ಕ್ ಇಲ್ಲ ಅಂತ ತೋರಿಸಿದರೆ, ಹೆಸರೇ ಕೇಳದ ಅಗ್ಗದ ಪೆಟ್ಟಿಗೆ ಕಟಕಟ ಸದ್ದು ಮಾಡಿ, ತಡವರಿಸಿ, ಕೊನೆಗೆ ವಾಲಗದ ಸದ್ದು ಹೊರಡಿಸುತ್ತಿತ್ತು. ಅದೇ ಮಾರಾಟ. ತಪ್ಪು ತಿದ್ದಿಕೊಂಡು ಓದುವ ಶಕ್ತಿಗೆ ಇದಕ್ಕಿಂತ ನೇರ ಪರೀಕ್ಷೆ ನಾನು ನೋಡಿಲ್ಲ. ಪ್ಯಾಂಪ್ಲೆಟ್ಟಿನಲ್ಲಿ ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಓದಬೇಕಾಗಿಯೂ ಇರಲಿಲ್ಲ.

ಇಲ್ಲಿಂದ ನಿಮ್ಮ ಮದುವೆಯ ವಿಸಿಡಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಅದನ್ನು ಜೊತೆಗೆ ಅಂತ ಸೇರಿಸಿದ್ದೀರಿ. ನನ್ನ ಕಣ್ಣಿಗೆ ಅದೇ ಮೊದಲು. ಕೆಂಪು ಡಬ್ಬಿಯ ಸಿನಿಮಾಗಳು ಹಾಳಾದರೆ ಬೇರೆ ಎಲ್ಲಾದರೂ ಸಿಗುತ್ತವೆ. ನಿಮ್ಮ ಧಾರೆಯ ವಿಡಿಯೋ ಸಿಗುವುದಿಲ್ಲ.

ಅಂಗಡಿಯಿಂದ ತರುವ ಸಿನಿಮಾ ಡಿಸ್ಕ್ ಅಚ್ಚು ಒತ್ತಿದ್ದು. ಸ್ಟುಡಿಯೋದವರು ಕೊಟ್ಟದ್ದು ಕಂಪ್ಯೂಟರಿನಲ್ಲಿ ಬರೆದ ಸಿಡಿ-ಆರ್. ಅದರಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ಕೆಳಗಿನ ಅಟ್ಟ ಹೇಗೆ ಕಾಯುತ್ತದೆ ಅಂತ ನಿಮಗೇ ಗೊತ್ತು. ಡಿಸ್ಕನ್ನು ಕಿಟಕಿ ಬೆಳಕಿಗೆ ಅಡ್ಡ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಹೊಳಪಿನ ಪದರ ಕಿತ್ತುಹೋಗಿದೆ ಅಂತ. ಜನ ಕೆಳಗಿನ ಹೊಳೆಯುವ ಬದಿಯನ್ನು ಜೋಪಾನ ಮಾಡಿ ಮೇಲಿನ ಲೇಬಲ್ ಬದಿಯನ್ನು ಎಲ್ಲೆಂದರಲ್ಲಿ ಉಜ್ಜುತ್ತಾರೆ. ಸಿಡಿಯಲ್ಲಿ ಅಪಾಯ ಇರುವುದೇ ಮೇಲೆ. ಮಾಹಿತಿಯ ಪದರ ಲೇಬಲ್ಲಿನ ಅಡಿಯಲ್ಲೇ ಇದೆ, ಮೇಲೆ ತೆಳ್ಳನೆಯ ವಾರ್ನಿಷ್ ಅಷ್ಟೇ. ಗಂಡು-ಹೆಣ್ಣಿನ ಹೆಸರು ಬರೆದ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನು ಕೀಳಲು ಹೋಗಲೇಬೇಡಿ, ಪದರವೇ ಅದರ ಜೊತೆ ಎದ್ದು ಬರುತ್ತದೆ. ಡಿವಿಡಿಯಲ್ಲಿ ಪದರ ಎರಡು ಹೋಳಿನ ನಡುವೆ ಇರುವುದರಿಂದ ಈ ಭಯ ಕಡಿಮೆ. ಅದರಲ್ಲಿ ಅಂಚು ಬಿಟ್ಟುಕೊಂಡಿದೆಯಾ ಅಂತ ನೋಡಿ.

ಪಿಎಸ್4 ಸಿಡಿಯನ್ನು ಓದುವುದೇ ಇಲ್ಲ, ಹಾಗಾಗಿ ವಿಸಿಡಿಯನ್ನು ಅದರಲ್ಲಿ ಹಾಕಿ ಹಾಳಾಗಿದೆ ಅಂತ ತೀರ್ಮಾನಿಸಬೇಡಿ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್ ಬೇಕು. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಆದರೂ ಸಾಕು. ವಿಸಿಡಿ ತೆರೆದರೆ ಎಂಪೆಗ್ಎವಿ ಅನ್ನುವ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಡ್ಯಾಟ್ ಫೈಲೇ ನಿಮ್ಮ ಮದುವೆ. ಡಿವಿಡಿಯಲ್ಲಿ ವಿಡಿಯೋ ಟಿಎಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ. ಎರಡನ್ನೂ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ವಿಎಲ್‌ಸಿ ಅನ್ನುವ ಸಾಫ್ಟ್‌ವೇರ್ ಓಡಿಸುತ್ತದೆ. ನಕಲು ನಡುವೆ ನಿಂತರೆ ಇನ್ನೊಂದು ಡ್ರೈವಿನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಓದಲಾಗದ್ದನ್ನು ಇನ್ನೊಂದು ಓದುವುದು ನಾನು ದಿನಾ ನೋಡುವ ವಿಷಯ. ಆಮೇಲೆ ಎರಡು ಬೇರೆ ಬೇರೆ ಕಡೆ ಇಡಿ, ಒಂದು ಹಾರ್ಡ್ ಡಿಸ್ಕ್ ನಿಮ್ಮ ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲೋ ಭಾವನ ಹತ್ತಿರವೋ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಇನ್ನೊಂದು ಮಾತು. 2002ರಲ್ಲಿ ವಿಡಿಯೋ ತೆಗೆದವರ ಹತ್ತಿರ ಮೂಲ ಟೇಪ್ ಇನ್ನೂ ಇರಬಹುದು. ಫೋನ್ ಮಾಡಿ ಕೇಳಿ. ಟೇಪ್ ಸಿಕ್ಕರೆ ವಿಸಿಡಿಗಿಂತ ಎಷ್ಟೋ ಚೆನ್ನಾಗಿರುವ ಚಿತ್ರ ಬರುತ್ತದೆ.

4ಕೆ ಪ್ಲೇಯರ್ ವಿಷಯ. ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ಬಿಟ್ಟಿತು. ಎಲ್‌ಜಿ 2024ರ ಕೊನೆಗೆ ನಿಲ್ಲಿಸಿತು. ಖಾಲಿ ಬ್ಲೂ-ರೇ ಡಿಸ್ಕ್ ಮಾಡುವುದನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ನಾಳೆನೂ ಸಿಗುತ್ತಾ ಅನ್ನುವ ಪ್ರಶ್ನೆಗೆ ಇವೇ ಉತ್ತರ. ಆದರೆ ಮಗನ ಆಸೆ ತಪ್ಪಲ್ಲ. 4ಕೆ ಡಿಸ್ಕಿನಲ್ಲಿ ಸೆಕೆಂಡಿಗೆ 128 ಮೆಗಾಬಿಟ್ ವರೆಗೂ ಹರಿಯುತ್ತದೆ. ಒಟಿಟಿಯಲ್ಲಿ 4ಕೆ ಅಂತ ಬರುವುದು ಅದರ ಒಂದು ಸಣ್ಣ ಪಾಲು. ಕತ್ತಲ ದೃಶ್ಯದಲ್ಲಿ, ಮಳೆಯಲ್ಲಿ, ಶಬ್ದದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. 4ಕೆ ಡಿಸ್ಕಿಗೆ ದೇಶದ ಬೀಗವೂ ಇಲ್ಲ, ಭಾವನವರು ಅಲ್ಲಿಂದ ತಂದರೂ ಇಲ್ಲಿ ಓಡುತ್ತದೆ. ಹಾಗಾಗಿ ನನ್ನ ಸಲಹೆ: ಬರೀ ಪ್ಲೇಯರ್ ಅಂತ ದೊಡ್ಡ ದುಡ್ಡು ಹಾಕಬೇಡಿ. ಮಗ ಹೇಗೂ ಮುಂದೆ ಪಿಎಸ್5 ಕೇಳುತ್ತಾನೆ. ಆಗ ಡಿಸ್ಕ್ ಹಾಕುವ ಮಾದರಿಯನ್ನೇ ಕೊಡಿಸಿ, 4ಕೆ ಬ್ಲೂ-ರೇ ಅದರಲ್ಲೇ ಓಡುತ್ತದೆ. ಕನ್ನಡ ಸಿನಿಮಾ ನೋಡುವುದಕ್ಕೆ ಅಂತ ಮಾತ್ರ ಈ ಖರ್ಚು ಬೇಡ.

ಕೊನೆಗೆ ನಿಮ್ಮ ತೋಶಿಬಾ. ಮೊದಲು ಡಿಸ್ಕ್‌ಗಳನ್ನು ನೋಡಿ. ಎರಡೂ ಬದಿ ಹೊಳೆಯುತ್ತಿದ್ದು, ನಡುವಿನ ತೂತಿನ ಸುತ್ತ ಮಾತ್ರ ಸಣ್ಣಕ್ಷರ ಇದ್ದರೆ ಅದು ಕಾಂಬೊ ಡಿಸ್ಕ್. ಒಂದು ಬದಿ ಎಚ್‌ಡಿ ಡಿವಿಡಿ, ಇನ್ನೊಂದು ಬದಿ ಮಾಮೂಲಿ ಡಿವಿಡಿ. ಡಿವಿಡಿ ಬದಿಗೆ ಅಮೆರಿಕದ ನಂಬರ್ 1ರ ಬೀಗ ಇರುತ್ತದೆ, ನಮ್ಮದು 5. ಎಲ್ಲಾ ದೇಶದ್ದೂ ಓಡಿಸುವ ಪ್ಲೇಯರ್ ಇದ್ದರೆ ಈಗಲೇ ನೋಡಬಹುದು. ಎಚ್‌ಡಿ ಡಿವಿಡಿ ಬದಿಗೆ ಅಂಥ ಬೀಗ ಇಲ್ಲವೇ ಇಲ್ಲ, ಇದು ಅದರ ದೊಡ್ಡ ಗುಣ. ವಾರ್ನರ್ ಡಿಸ್ಕ್‌ಗಳ ಮೇಲೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಆ ಕಾಲದ ಅವರ ಡಿಸ್ಕ್‌ಗಳು ಒಳಗೊಳಗೇ ಕೆಟ್ಟು ಓದಲಾಗದೆ ಹೋಗಿರುವುದು ಜಾಸ್ತಿ.

ಪ್ಲೇಯರಿಗೆ 230ರಿಂದ 120 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಹೇರ್ ಡ್ರೈಯರಿಗೆ ಅಂತ ಮಾರುವ ಹಗುರ ಕನ್ವರ್ಟರ್ ಬೇಡ, ತಾಮ್ರದ ಸುತ್ತು ಇರುವ ಭಾರದ್ದೇ ಆಗಬೇಕು. ಹಚ್ಚುವ ಮೊದಲು ಮೆಕ್ಯಾನಿಕ್ ಹತ್ತಿರ ಮುಚ್ಚಳ ತೆಗೆಸಿ, ಪವರ್ ಬೋರ್ಡಿನ ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡಿಸಿ. ಟ್ರೇ ಹೊರಗೆ ಬರದಿದ್ದರೆ ಗಾಬರಿ ಬೇಡ, ರಬ್ಬರ್ ಬೆಲ್ಟ್ ಗಟ್ಟಿಯಾಗಿರುತ್ತದೆ, ಬದಲಿಸಬಹುದು. ಲೆನ್ಸನ್ನು ಒರೆಸಬೇಕಾದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ಒಂದು ಸಲ, ಅದೂ ಕರೆಂಟ್ ತೆಗೆದ ಮೇಲೆ. ಮುಚ್ಚಳ ತೆಗೆದು ಓಡಿಸಿ ಆ ಲೇಸರನ್ನು ನೋಡಬೇಡಿ, ಕಣ್ಣಿಗೆ ಅಪಾಯ. ಎಚ್‌ಡಿಎಂಐ ವೈರ್ ನಿಮ್ಮ ಈಗಿನ ಟಿವಿಗೆ ನೇರ ಹೊಂದುತ್ತದೆ.

ಎಷ್ಟು ವ್ಯಾಟಿನ ಟ್ರಾನ್ಸ್‌ಫಾರ್ಮರ್ ಬೇಕು ಅನ್ನುವುದು ಮಾದರಿಯ ಮೇಲೆ ನಿಂತಿದೆ. ಹಿಂಬದಿಯ ಲೇಬಲ್ಲಿನಲ್ಲಿ ವೋಲ್ಟ್, ವ್ಯಾಟ್ ಎರಡೂ ಬರೆದಿರುತ್ತದೆ. ಅದರ ಎರಡರಷ್ಟು ತಾಳುವಂಥದ್ದು ತಗೊಳ್ಳಿ. ಅಕ್ಷರ ಮಾಸಿದ್ದರೆ ಲೇಬಲ್ಲಿನ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.